ಏನೂ ಸಿಕ್ಕಿಲ್ಲ ಎಂದವರ ದಡ

ಆ ಗೇಟಿಗೆ ಬೀಗ ಹಾಕಿದವರು ನೀವು. ಹೊಳೆ ಬತ್ತಿರಲಿಲ್ಲ, ದಡ ಕುಸಿದಿರಲಿಲ್ಲ, ಅಲ್ಲಿ ಯಾರೂ ಮುಳುಗಿ ಸತ್ತಿರಲಿಲ್ಲ. ನೀರು ಮಂಡಳಿಯ ಸಭೆಯಲ್ಲಿ ಕುಳಿತು ಕೈ ಎತ್ತಿದವರು ನೀವು. ಆ ಕೈಗಳು ಮೇಲೇಳುವುದನ್ನೇ ಕಾದಿದ್ದು ಮರುವಾರವೇ ಬೇಲಿ ಎಬ್ಬಿಸಿದವರು ದಡದ ಬಡಾವಣೆಯ ಬಿಲ್ಡರುಗಳು. ಬೇಲಿಗೆ ತೂಗುಹಾಕಿದ ಹಲಗೆ 'ತಾತ್ಕಾಲಿಕವಾಗಿ ಮುಚ್ಚಲಾಗಿದೆ' ಎನ್ನುತ್ತದೆ. ಬಯಲಿನ ಬಿಸಿಲಿಗೆ ಆ ಹಲಗೆಯ ಅಕ್ಷರಗಳು ಬಿಳಿಚಿ ಹೋಗಿವೆ, ಆದರೂ ತಾತ್ಕಾಲಿಕ ಎಂಬ ಮಾತನ್ನು ನೀವು ಬಿಟ್ಟಿಲ್ಲ. ಮುಚ್ಚುವುದಕ್ಕೆ ನೀವು ಕೊಟ್ಟ ಕಾರಣ ಒಂದೇ: ಅಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ಈ ಮಾತು ಸುಳ್ಳು. ಅದು ಹೇಗೆ ಸುಳ್ಳಾಯಿತು ಎಂಬುದು ನಿಮಗೆ ಗೊತ್ತಿಲ್ಲದಿರಬಹುದು. ಗೊತ್ತುಮಾಡಿಕೊಳ್ಳುವ ಹೊಣೆ ನಿಮ್ಮದಾಗಿತ್ತು.

ಅಮೆರಿಕದಲ್ಲಿ ಕುಳಿತು ಇದನ್ನು ಕನ್ನಡದಲ್ಲಿ ಬರೆಯಲು ಕಾರಣವಿದೆ. ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನು ಮಂಡಳಿಯ ಮುಂದೆ ಹೇಳಿಯಾಗಿದೆ. ಅಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ. ಎದುರಿಗೆ ಕೆಂಪು ಅಂಕಿಗಳು ಇಳಿಯುತ್ತಿರುತ್ತವೆ. ಒಂದು ಹೊಳೆಯನ್ನು ಅಷ್ಟರಲ್ಲಿ ಹೇಳಿ ಮುಗಿಸಲು ನನಗೆ ಬರಲಿಲ್ಲ. ಅಲ್ಲದೆ ಆ ಬೇಲಿಗೆ ಬೆನ್ನು ಕೊಟ್ಟು ನಿಂತಿರುವ ಹೊಸ ಮನೆಗಳಲ್ಲಿ ಕನ್ನಡ ಮಾತಾಡುವ ಕುಟುಂಬಗಳೂ ಇವೆ. ಅವರ ಅಡುಗೆಮನೆಯ ಕಿಟಕಿಯಿಂದ ಆ ಗೇಟು ಕಾಣುತ್ತದೆ. ಅವರೂ ಓದಲಿ.

ಗೇಟಿನ ಆಚೆ ಇರುವುದು ದೋಣಿ ಇಳಿಸುವ ಒಂದು ಹಳೆಯ ರ್ಯಾಂಪು. ಕಾಂಕ್ರೀಟಿನ ಸಣ್ಣ ಇಳಿಜಾರು; ಕೊನೆಯಲ್ಲಿ ಪಾಚಿ ಹಿಡಿದು ನೀರಿನೊಳಗೆ ಸೇರಿಹೋಗುತ್ತದೆ. ಹೊಳೆಯ ಉಳಿದ ಉದ್ದಕ್ಕೂ ದಡವೆಂದರೆ ಎತ್ತರದ ಏರಿ, ಏರಿಯ ಮೈಗೆಲ್ಲ ಒರಟು ಕಲ್ಲುಬಂಡೆ. ಕಾಲು ಗಟ್ಟಿಯಿದ್ದವರು ಆ ಕಲ್ಲುಗಳ ಮೇಲೆ ಹೇಗೋ ಇಳಿದಾರು. ನನ್ನ ಅಪ್ಪ ಇಳಿಯಲಾರ. ಅವನ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ. ಆ ರ್ಯಾಂಪು ತೆರೆದರೆ ಅವನು ಮತ್ತೆ ನೀರಿನ ಮೇಲೆ ಹೋಗುತ್ತಾನೆ. ತೆರೆಯದಿದ್ದರೆ ಅವನ ಪಾಲಿಗೆ ಹೊಳೆ ಮುಗಿಯಿತು. ನನ್ನ ಜಗಳ ಇಷ್ಟಕ್ಕೇ. ಆದರೆ ಇಷ್ಟು ಎನ್ನುವುದು ಎಷ್ಟು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಪ್ಪ ಬಾಗಲಕೋಟೆ ಕಡೆಯ ಅಂಬಿಗರ ಮನೆಯವನು. ಅವನ ಅಪ್ಪ ಹರಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ, ಉಳಿದ ಹೊತ್ತಿನಲ್ಲಿ ಮೀನು ಹಿಡಿಯುತ್ತಿದ್ದ. ಅಣೆಕಟ್ಟಿನ ಹಿನ್ನೀರು ಏರಿ ಬಂದಾಗ ಅವರ ದಡ ನೀರಿನೊಳಗೆ ಹೋಯಿತು. ಮನೆ ದಿಬ್ಬದ ಮೇಲಿನ ಹೊಸ ಬಡಾವಣೆಗೆ ಬಂತು. ಹರಗೋಲು ಅಂಗಳದಲ್ಲಿ ಮಗುಚಿ ಬಿದ್ದು ಕೋಳಿಗಳಿಗೆ ನೆರಳಾಯಿತು. ಅಪ್ಪ ಓದಿದ, ಎಂಜಿನಿಯರ್ ಆದ, ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಗೆ ಕೆಲಸಕ್ಕೆ ಬಂದ. ನಾನು ಮೂರನೆಯ ಇಯತ್ತೆ ಮುಗಿಸಿ ನನ್ನ ಅವ್ವನ ಜೊತೆ ಅವನ ಹಿಂದೆ ಬಂದೆ. ಅಪ್ಪನ ತಾಯಿ, ನಮ್ಮ ಅಜ್ಜಿಯೂ ಜೊತೆಗೇ ಬಂದಳು. ತಮ್ಮ ಇಲ್ಲೇ ಹುಟ್ಟಿದ.

ನಮ್ಮ ಮನೆ ಇಲ್ಲೇ ಅಮೆರಿಕದ ಡಬ್ಲಿನ್ ಎಂಬ ಊರಿನಲ್ಲಿ. ಶನಿವಾರ ನಸುಕಿಗೆ ಫ್ರೀವೇ ಹಿಡಿದು ಪೂರ್ವಕ್ಕೆ ಹೊರಟು ಗಾಳಿಯಂತ್ರಗಳ ಗುಡ್ಡಸಾಲು ದಾಟಿದರೆ ನೆಲ ಇದ್ದಕ್ಕಿದ್ದಂತೆ ಕೈಕಾಲು ಚಾಚಿ ಮಲಗಿಬಿಡುತ್ತದೆ. ಮರವಿಲ್ಲದ ಹುಲ್ಲುಬಯಲು. ಮಳೆಗಾಲ ಮುಗಿದ ಕೆಲವೇ ವಾರ ಹಸಿರು. ಆಮೇಲೆ ವರ್ಷವೆಲ್ಲ ಕೊಯ್ದ ಜೋಳದ ದಂಟಿನ ಬಣ್ಣ. ಮೊದಲ ಸಲ ಆ ಬಯಲನ್ನು ಕಂಡಾಗ ಅಪ್ಪ ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದ. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, ಇಷ್ಟು ದೂರ ವಿಮಾನ ಹತ್ತಿ ಬಂದು ಮತ್ತೆ ನಮ್ಮ ಹೊಲದಲ್ಲೇ ಇಳಿದೆವಲ್ಲ ಎಂದಳು. ಇನ್ನೂ ಸ್ವಲ್ಪ ಮುಂದೆ ಹೋದಾಗ ಹೊಳೆ ಕಂಡಿತು. ಬಯಲುಸೀಮೆಯ ಹೊಳೆಗಳೆಲ್ಲ ಹಾಗೆಯೇ, ಹತ್ತಿರ ಹೋಗುವವರೆಗೆ ತಮ್ಮ ಗುಟ್ಟು ಬಿಡುವುದಿಲ್ಲ. ಬೆಳ್ಳಕ್ಕಿಗಳು ನೆಲದೊಳಕ್ಕೆ ಇಳಿಯುವುದು ಕಂಡರೆ ಅಲ್ಲಿ ನೀರಿದೆ ಎಂದು ತಿಳಿಯಬೇಕು.

ಮೊದಲ ದಿನ ಬಾಡಿಗೆಗೆ ಒಂದು ಉದ್ದನೆಯ ಕನೂ ದೋಣಿ ತೆಗೆದುಕೊಂಡೆವು. ರ್ಯಾಂಪಿನಲ್ಲಿ ಅಜ್ಜಿ ಸೀರೆ ಎತ್ತಿ ಕಟ್ಟಿ, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಬಿಗಿದುಕೊಂಡು, ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾವೂ ಒತ್ತಿಕೊಂಡೆವು. ಆಮೇಲೆ ಅಪ್ಪ ನೇರವಾಗಿ ದೋಣಿಯ ಮೂತಿಗೆ ಹೋಗಿ ಕುಳಿತ.

ಕನೂವನ್ನು ಹಿಂದೆ ಕುಳಿತವರು ನಡೆಸಬೇಕು. ದಿಕ್ಕು ಹಿಡಿಯುವುದು ಹಿಂಬದಿಯ ಹುಟ್ಟು. ಇದು ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಹರಗೋಲಿನಲ್ಲಿ ಹಾಗಲ್ಲ. ಅಲ್ಲಿ ಅಂಬಿಗ ಮುಂದೆ ಕುಳಿತು, ಹೋಗುವ ಕಡೆಯ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ದುಂಡನೆಯ ಬುಟ್ಟಿ ಅವನ ಹಿಂದೆ ಬರುತ್ತದೆ. ಅಪ್ಪ ಅದೇ ರೀತಿ ಎಳೆದ. ದೋಣಿಯ ಬಾಲ ಪಕ್ಕಕ್ಕೆ ಹೊರಳಿತು. ಮತ್ತೆ ಎಳೆದ. ನಾವು ಪೂರ್ತಿ ಒಂದು ಸುತ್ತು ತಿರುಗಿ ರ್ಯಾಂಪಿಗೇ ಮುಖ ಮಾಡಿದೆವು. ದಡದಲ್ಲಿ ಗಾಳ ಹಾಕಿ ಕೂತಿದ್ದ ಬಿಳಿಯ ಮುದುಕರೊಬ್ಬರು, ಹಿಂದೆ ಹೋಗಿ ಕೂರಪ್ಪ ಎಂದು ಕೂಗಿ ಸನ್ನೆ ಮಾಡಿದರು. ಅಪ್ಪ ಅವರಿಗೆ ಕೈ ಬೀಸಿದ, ಕೂತಲ್ಲಿಂದ ಏಳಲಿಲ್ಲ.

"ಹುಟ್ಟ ಹಿಡದಾಂವ ಮುಂದಽ ಕುಂಡ್ರಬೇಕು," ಎಂದು ನಮಗೆ ಹೇಳಿದ. "ಎಲ್ಲಿ ಹೊಂಟೇವಿ ಅಂತ ಕಾಣದಾಂವ ದೋಣಿ ಹ್ಯಾಂಗ ನಡಸ್ತಾನ?"

ನಡುವೆ ಎರಡೂ ಅಂಚು ಹಿಡಿದು ಕೂತಿದ್ದ ಅಜ್ಜಿ ಅವನ ಬೆನ್ನು ನೋಡುತ್ತ ಹೇಳಿದಳು: "ನಿಮ್ಮಪ್ಪನ ಹರಗೋಲ ದುಂಡಗಿತ್ತಪ್ಪಾ. ತಿರುಗಿದ್ರೂ ಯಾರಿಗೂ ತಿಳೀತಿರಲಿಲ್ಲ. ಇದು ಉದ್ದಂದು. ತಿರುಗಿದ್ದು ಊರಿಗೆಲ್ಲಾ ಕಾಣತೈತಿ."

ಅವನು ಸೋಲೊಪ್ಪಲಿಲ್ಲ. ಹಿಂದೆ ನನ್ನನ್ನು ಕೂರಿಸಿ, ಇನ್ನೊಂದು ಹುಟ್ಟನ್ನು ನೀರಿನಲ್ಲಿ ಇಳಿಬಿಟ್ಟು ಅಲ್ಲಾಡಿಸದೆ ಹಿಡಿದಿರಲು ಹೇಳಿದ. ಎಳೆಯುವ ಕೆಲಸ ಅವನದು, ಹಿಡಿದಿರುವ ಕೆಲಸ ನನ್ನದು. ಬಲಕ್ಕೆ ಎಂದರೆ ಬಲಕ್ಕೆ ಒಂದಿಷ್ಟು ಓರೆ ಮಾಡಬೇಕು. ದೋಣಿ ನೆಟ್ಟಗೆ ಹೋಯಿತು. ಯಾವ ಪುಸ್ತಕದಲ್ಲೂ ಇಲ್ಲದ ಈ ಕ್ರಮದಲ್ಲಿ ನಾವಿಬ್ಬರೂ ವರ್ಷಗಟ್ಟಲೆ ಆ ಹೊಳೆಯಲ್ಲಿ ಓಡಾಡಿದೆವು. ಮುಂದೆ ನೆರೆಯವರೊಬ್ಬರು ಮಾರಿದ ಹಳೆಯ ಹಸಿರು ಕನೂ ನಮ್ಮದೇ ಆಯಿತು. ವ್ಯಾನಿನ ನೆತ್ತಿಗೆ ಅದನ್ನು ಕಟ್ಟುವ ಗಂಟು ಅಪ್ಪನಿಗೆ ಅವನ ಅಪ್ಪ ಕಲಿಸಿದ್ದು. ನನ್ನ ಬಾಲ್ಯದ ಹೊಳೆಯನ್ನು ನೆನೆದರೆ ಮೊದಲು ಬರುವುದು ಅಪ್ಪನ ಬೆನ್ನು: ಬೆವರಿಗೆ ಅಂಟಿದ ಅಂಗಿ, ಎರಡು ರೆಕ್ಕೆಯೆಲುಬುಗಳು ಹತ್ತಿರ ಬಂದು ದೂರ ಸರಿಯುವುದು, ಅದರಾಚೆಗೆ ನೀರು.

ಹೊಳೆಗೆ ಎರಡು ಹಳ್ಳಗಳು ಬಂದು ಸೇರುತ್ತವೆ. ನಕ್ಷೆಯಲ್ಲಿ ಅವುಗಳಿಗೆ ಬೇರೆ ಹೆಸರಿದೆ. ನಮಗೆ ಒಂದು ಜೊಂಡಿನ ಹಳ್ಳ, ಇನ್ನೊಂದು ರೈಲಿನ ಹಳ್ಳ. ಜೊಂಡಿನ ಹಳ್ಳದ ಬಾಯಿ ಇಕ್ಕಟ್ಟು. ಎರಡೂ ಕಡೆ ಆಳೆತ್ತರದ ಜೊಂಡು ಬಾಗಿ ನಿಂತು, ಒಳಗೆ ಹೋದರೆ ಆಕಾಶ ಒಂದು ಓಣಿಯಷ್ಟು ಮಾತ್ರ ಉಳಿಯುತ್ತಿತ್ತು. ವಸಂತದಲ್ಲಿ ಗೆಂಡೆ ಮೀನುಗಳು ಮೊಟ್ಟೆಯಿಡಲು ಅಲ್ಲಿಗೇ ಬರುತ್ತಿದ್ದವು. ತೆಳು ನೀರಿನಲ್ಲಿ ಅವುಗಳ ಬೆನ್ನು ಮೇಲೆದ್ದು ಜೊಂಡೆಲ್ಲ ಅಲುಗುವುದು, ಯಾರೋ ಒಳಗೆ ಬಟ್ಟೆ ಒಗೆಯುತ್ತಿದ್ದಾರೆ ಎನ್ನುವಂತೆ ಸದ್ದು. ಆ ದಿನಗಳಲ್ಲಿ ಅಪ್ಪ ಗಾಳ ತೆಗೆಯುತ್ತಲೇ ಇರಲಿಲ್ಲ. ಹುಟ್ಟನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ಬಸುರಿಯ ಮನೆಗೆ ಹೋಗಿ ಉಣ್ಣಬಾರದು ಎನ್ನುತ್ತಿದ್ದಳು ಅಜ್ಜಿ.

ರೈಲಿನ ಹಳ್ಳ ಅಗಲವಾದದ್ದು. ಗೂಡ್ಸ್ ಗಾಡಿಗಳ ಕಬ್ಬಿಣದ ಸೇತುವೆಯೊಂದರ ಕೆಳಗೆ ಹಾದು ಬಂದು ಹೊಳೆಗೆ ಬೀಳುತ್ತಿತ್ತು. ಸೇತುವೆಯ ನೆರಳಿನಲ್ಲಿ ಮೀಸೆಯ ಕ್ಯಾಟ್‌ಫಿಶ್ ಇರುತ್ತಿದ್ದವು. ಗಾಡಿ ಬಂದಾಗ ನೀರಿನ ಮೇಲೆಲ್ಲ ಸಣ್ಣ ನಡುಕ ಹಬ್ಬುತ್ತಿತ್ತು. ಬೆಂಡು ಕುಣಿಯುವುದು ಮೀನಿಗೋ ರೈಲಿಗೋ ತಿಳಿಯದೆ ತಮ್ಮ ಪ್ರತಿ ಸಲವೂ ಗಾಳ ಎಳೆದುಬಿಡುತ್ತಿದ್ದ. ಬೇಸಿಗೆಯ ಕೊನೆಗೆ ಆ ಹಳ್ಳದ ತುಂಬ ಅಂತರಗಂಗೆ ಹಬ್ಬುತ್ತಿತ್ತು, ಅದೇ ನೀಲಿ ಹೂವು. ಊರಿನ ಕೆರೆಯಲ್ಲಿ ಕಂಡರೆ ಬೈಯುತ್ತಿದ್ದ ಆ ಕಳೆಯನ್ನು ಇಲ್ಲಿ ಕಂಡು ಅಜ್ಜಿಗೆ ಬಳಗದವರು ಸಿಕ್ಕಷ್ಟು ಸಂತೋಷ. ಒಂದು ಹೂವು ಕಿತ್ತು ತಲೆಗೆ ಮುಡಿದುಕೊಂಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ. ಅಷ್ಟರೊಳಗೆ ರ್ಯಾಂಪು ಸೇರಬೇಕು, ಇಲ್ಲದಿದ್ದರೆ ಎಷ್ಟು ಎಳೆದರೂ ದೋಣಿ ಇದ್ದಲ್ಲೇ ಇರುತ್ತದೆ. ಹಾಗಾಗಿ ಊಟವೂ ದೋಣಿಯಲ್ಲೇ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಡಬ್ಬಿಯಲ್ಲಿ ಗಟ್ಟಿ ಮೊಸರು. ಗಾಳಕ್ಕೆ ಹಾಕುವ ತಿನಿಸೂ ಅದೇ ಬುಟ್ಟಿಯಿಂದ ಬರುತ್ತಿತ್ತು. ಸಾಂಟಾ ಕ್ಲಾರಾದ ಅಂಗಡಿಯಿಂದ ತಂದ ಜೋಳದ ಹಿಟ್ಟಿಗೆ ಚೂರು ಬೆಲ್ಲ ಸೇರಿಸಿ ಅಜ್ಜಿ ಉಂಡೆ ಕಟ್ಟಿಕೊಡುತ್ತಿದ್ದಳು. ಮೊದಮೊದಲು ರೊಟ್ಟಿಯ ಹಿಟ್ಟನ್ನು ಮೀನಿಗೆ ಹಾಕುವುದೇ ಎಂದು ಸಿಟ್ಟಾಗಿದ್ದಳು. ಇಲ್ಲಿಯ ಗೆಂಡೆ ಆ ಉಂಡೆಗೆ ಮುಗಿಬೀಳುವುದನ್ನು ಕಂಡ ಮೇಲೆ, ನನ್ನ ಕೈರುಚಿ ಮೊಮ್ಮಗನಿಗಿಂತ ಇವುಗಳಿಗೇ ಚೆನ್ನಾಗಿ ಗೊತ್ತು ಎನ್ನತೊಡಗಿದಳು. ಮನೆಯಲ್ಲಿ ಮೀನಿನ ಸಾರಿನ ಮುಂದೆ ಕೂತ ತಮ್ಮ "ಟೂ ಮೆನಿ ಬೋನ್ಸ್, ಅಜ್ಜಿ" ಎನ್ನುವನು. ಅವಳಿಗೆ ಇಂಗ್ಲಿಷು ಬೇಕಾಗಿರಲಿಲ್ಲ. "ಮುಳ್ಳಿರಲಾರದ್ದ ಬೇಕಂದ್ರ ಬಾಳಿಹಣ್ಣ ತಿನ್ನು," ಎನ್ನುತ್ತಲೇ ಮುಳ್ಳು ಬಿಡಿಸಿಕೊಡುವಳು.

ಅವಳು ನಮಗೆ ಹಾಕಿಕೊಟ್ಟ ಕಟ್ಟಳೆ ಒಂದಿತ್ತು. ಆ ದಿನ ಸಿಕ್ಕ ಮೊದಲ ಮೀನು ಗಂಗವ್ವನದು. ಅದನ್ನು ಒದ್ದೆ ಕೈಯಲ್ಲಿ ಹಿಡಿದು ಕೊಕ್ಕೆ ಬಿಡಿಸಿ ನೀರಿಗೆ ಬಿಡಬೇಕು. ಅದು ಎತ್ತ ಹೋಯಿತೆಂದು ನೋಡಬಾರದು. ಇಷ್ಟೇ ಆಗಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಕಟ್ಟಳೆಗೆ ಎರಡನೆಯ ಅರ್ಧವಿತ್ತು. ನಾನು ಹಿಡಿದ ಮೊದಲ ಗೆಂಡೆಯನ್ನು ನೀರಿಗೆ ಬಿಟ್ಟು, ದಡಕ್ಕೆ ಬಂದ ಕೂಡಲೇ ಆ ಬಿಳಿಯ ಮುದುಕರಿಗೆ ಕೈ ಅಗಲಿಸಿ ಅದರ ಉದ್ದ ತೋರಿಸಲು ಹೋದಾಗ ಅಜ್ಜಿ ನನ್ನ ಎರಡೂ ಕೈ ಹಿಡಿದು ಕೆಳಗಿಳಿಸಿದಳು.

"ಹೊಳಿ ದಂಡಿ ಮ್ಯಾಲ ಸಿಕ್ಕಿದ್ದ ಹೇಳಬಾರದವಾ," ಎಂದಳು. "ಯಾರರ ಕೇಳಿದ್ರ ಏನೂ ಇಲ್ಲ ಅನಬೇಕು. ಆಕಿಗೆ ಕೊಟ್ಟದ್ದು ಬಾಯಾಗ ಬಂತಂದ್ರ, ಹೊಳ್ಳಿ ಇಸಗೊಂಡಂಗ."

ಕೊಟ್ಟದ್ದನ್ನು ಹೇಳಿಕೊಂಡರೆ ವಾಪಸು ಪಡೆದಂತೆ. ವಿಶ್ವವಿದ್ಯಾಲಯದಲ್ಲಿ ನಾನು ನೀರಿನ ನೀತಿಯ ಬಗ್ಗೆ ಎಷ್ಟೋ ಓದಿದ್ದೇನೆ, ಪರೀಕ್ಷೆ ಬರೆದಿದ್ದೇನೆ. ಈ ವಾಕ್ಯದಷ್ಟು ಮರ್ಯಾದೆಯುಳ್ಳ ನೀತಿಯನ್ನು ಅಲ್ಲೆಲ್ಲೂ ಕಾಣಲಿಲ್ಲ.

ಅಪ್ಪ ಸಿಕ್ಕಿದ್ದನ್ನು ಹೇಳದಿರಲು ಇನ್ನೊಂದು ಕಾರಣವೂ ಇತ್ತು. ಒಂದು ಯುಗಾದಿಯ ದಿನ, ನಮ್ಮ ಕನ್ನಡದವರೆಲ್ಲ ಸೇರಿದ್ದ ಊಟದ ಪಂಕ್ತಿಯಲ್ಲಿ, ಶನಿವಾರಗಳಲ್ಲಿ ಏನು ಮಾಡುತ್ತೀರಿ ಎಂದು ಯಾರೋ ಕೇಳಿದಾಗ ಅವನು ಮೀನು ಹಿಡಿಯುತ್ತೇನೆ ಎಂದುಬಿಟ್ಟ. ಒಂದು ಗಳಿಗೆ ಎಲೆಯ ಮೇಲಿನ ಕೈಗಳೆಲ್ಲ ನಿಂತವು. ಎದುರಿಗಿದ್ದ ಬೆಂಗಳೂರಿನ ಎಂಜಿನಿಯರ್ ಒಬ್ಬರು ನಗುತ್ತಲೇ, "ಏನ್ ಸಾರ್, ಗಾಳ ಹಾಕೋಕೆ ಅಮೆರಿಕಾಗೇ ಬರ್ಬೇಕಿತ್ತಾ?" ಎಂದರು. ಕೆಟ್ಟ ಮನಸ್ಸಿನವರಲ್ಲ. ಅಪ್ಪನೂ ನಕ್ಕ. ಆದರೆ ಅಂದಿನಿಂದ ಯಾರು ಕೇಳಿದರೂ ಅವನ ಶನಿವಾರ ಬೋಟಿಂಗು ಆಯಿತು. ಆಫೀಸಿನಲ್ಲಿ ಅವನು ಎಂಜಿನಿಯರ್, ಪಂಕ್ತಿಯಲ್ಲಿ ಬೋಟಿಂಗ್ ಮಾಡುವವನು. ಅವನು ತನ್ನ ಅಪ್ಪನ ಮಗನಾಗಿ ಕೂರುತ್ತಿದ್ದ ಜಾಗ ಈ ದೇಶದಲ್ಲಿ ಒಂದೇ ಒಂದು: ಹಸಿರು ದೋಣಿಯ ಮೂತಿ.

ಅಜ್ಜಿ ತೀರಿಕೊಂಡಳು. ತಮ್ಮ ಓದಲು ಬೇರೆ ರಾಜ್ಯಕ್ಕೆ ಹೋದ. ಶನಿವಾರಗಳು ನಮ್ಮಿಬ್ಬರವೇ ಆದವು. ಅಪ್ಪ ಮನೆಗೆ ಮೀನು ತರುವುದನ್ನು ಕಡಿಮೆ ಮಾಡುತ್ತ ಬಂದ. ಈ ನೀರಿನ ಮೀನು ಎಷ್ಟು ತಿಂದರೆ ಕ್ಷೇಮ ಎಂದು ಹಲವು ಭಾಷೆಗಳಲ್ಲಿ ಎಚ್ಚರಿಸುವ ಫಲಕ ರ್ಯಾಂಪಿನಲ್ಲೇ ಇತ್ತು. ಉಣ್ಣುವವರು ಕಡಿಮೆಯಾಗಿ ನನ್ನ ಅವ್ವನಿಗೂ ಒಂದೇ ಮೀನು ಹೆಚ್ಚೆನಿಸತೊಡಗಿತ್ತು. ಹೀಗಾಗಿ ಮೊದಲನೆಯದು ಸಿಕ್ಕಿ, ಅದನ್ನು ಒಪ್ಪಿಸಿದ ಮೇಲೆ ಅವನು ಗಾಳ ಸುತ್ತಿ ಇಟ್ಟುಬಿಡುತ್ತಿದ್ದ. ಆಮೇಲೆ ಬರೀ ಹುಟ್ಟು. ಜೊಂಡಿನ ಹಳ್ಳದಲ್ಲಿ ಒಂದು ಸುತ್ತು, ಸೇತುವೆಯ ನೆರಳಿನಲ್ಲಿ ರೊಟ್ಟಿ, ಗಾಳಿ ಏಳುವ ಮುಂಚೆ ದಡ.

ಆ ವರ್ಷಗಳಲ್ಲೇ ನೀವು ಸಮೀಕ್ಷೆ ನಡೆಸಿದಿರಿ. ಹೊಳಪಿನ ಜಾಕೆಟ್ಟು ತೊಟ್ಟ ತರುಣನೊಬ್ಬ ಶನಿವಾರಗಳಲ್ಲಿ ರ್ಯಾಂಪಿನ ಮೇಲೆ ನಿಂತಿರುತ್ತಿದ್ದ. ಸೌಜನ್ಯದ ಹುಡುಗ, ನಾವು ದೋಣಿ ಎತ್ತುವಾಗ ಒಮ್ಮೆ ಕೈ ಕೊಟ್ಟದ್ದೂ ಉಂಟು. ಇವತ್ತು ಏನಾದರೂ ಸಿಕ್ಕಿತೇ ಎಂದು ಕೇಳುತ್ತಿದ್ದ. ಅಪ್ಪ ನಗುಮುಖದಿಂದ "ನಥಿಂಗ್" ಎನ್ನುತ್ತಿದ್ದ. ಆ ಹುಡುಗ ತನ್ನ ಟ್ಯಾಬ್ಲೆಟ್ಟಿನ ಮೇಲೆ ಬೆರಳಿಟ್ಟು ಮುಂದಕ್ಕೆ ಹೋಗುತ್ತಿದ್ದ. ಪಕ್ಕದಲ್ಲಿ ಗಾಳ ಹಾಕಿದ್ದ ವಿಯೆಟ್ನಾಮಿನ ಅಜ್ಜ, ಮೆಕ್ಸಿಕೋದ ದಂಪತಿ, ಅವರೂ ತಲೆ ಅಡ್ಡ ಆಡಿಸುತ್ತಿದ್ದರು. ಅವರವರ ಕಾರಣ ಅವರವರಿಗೆ. ಸರ್ಕಾರದ ಜಾಕೆಟ್ಟು ತೊಟ್ಟವರು ಕೇಳಿದಾಗ ಏನೂ ಇಲ್ಲ ಎನ್ನುವುದನ್ನು ಜಗತ್ತಿನ ಎಲ್ಲ ದಡಗಳ ಜನ ಕಲಿತಿದ್ದಾರೆ.

ಆಮೇಲೆ ಒಂದು ಶನಿವಾರ ನಾವು ಹೋದಾಗ ಗೇಟು ಇತ್ತು. ಹಳೆಯ ದಾರಿಯ ಇಬ್ಬದಿಗೂ ಹೊಸ ಮನೆಗಳ ಅಡಿಪಾಯ, ತುದಿಯಲ್ಲಿ ತಂತಿ ಬೇಲಿ, ಹಲಗೆ. ತಾತ್ಕಾಲಿಕ ಎಂಬುದನ್ನು ನಂಬಿ ತಿಂಗಳುಗಟ್ಟಲೆ ಕಾದೆವು. ಕಲ್ಲುಬಂಡೆಯ ಏರಿಯಿಂದ ಇಳಿಯಲು ಅಪ್ಪ ಒಮ್ಮೆ ಪ್ರಯತ್ನಿಸಿದ, ಜಾರಿ ಕುಳಿತ, ಮತ್ತೆ ಆ ಮಾತೆತ್ತಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಗಳಾದವು. ಬೇಲಿ ಹಾಗೆಯೇ ಇತ್ತು. ಆಗ ನಾನು ನಿಮ್ಮ ಸಭೆಗೆ ಬಂದೆ.

ರ್ಯಾಂಪನ್ನು ಮುಚ್ಚಿದ್ದು ಏಕೆ ಎಂಬ ನನ್ನ ಪ್ರಶ್ನೆಗೆ ಉತ್ತರಿಸಿದ ಅಧಿಕಾರಿ ಶಾಂತವಾಗಿ ವಿವರಿಸಿದರು. ಸಾರ್ವಜನಿಕರು ಮೀನು ಹಿಡಿಯುವ ದಡವಾಗಿದ್ದರೆ ಅದನ್ನು ತೆರೆದಿಡುವುದು ಮಂಡಳಿಯ ಕರ್ತವ್ಯ. ಆದರೆ ತಮ್ಮ ಸಿಬ್ಬಂದಿ ಪ್ರತಿ ಸಲ ಹೋಗಿ ಕೇಳಿದಾಗಲೂ ಅಲ್ಲಿದ್ದವರು ಏನೂ ಸಿಕ್ಕಿಲ್ಲ ಎಂದೇ ಹೇಳಿದ್ದಾರೆ. ಆದ್ದರಿಂದ ಅಲ್ಲಿ ಮೀನುಗಾರಿಕೆಯ ಬಳಕೆ ಇಲ್ಲವೆಂದು ತೀರ್ಮಾನಿಸಿ, ಹೊಸ ಬಡಾವಣೆಯ ಸುರಕ್ಷತೆಗಾಗಿ ದಾರಿಯನ್ನು ಮುಚ್ಚಲಾಯಿತು. ಆ ಉತ್ತರ ಯಾರದೆಂದು ಆ ಸಭಾಂಗಣದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಊಟದ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದ. "ನನ್ನ ಬಾಯಿಂದಽ ಮುಚ್ಚಿದಂಗಾತಲ್ಲವಾ," ಎಂದ.

ಮುಂದಿನ ಸಭೆಗೆ ಬಂದು ನಿಜ ಹೇಳಬೇಕೆಂದು ನಾನು ಒತ್ತಾಯಿಸಿದೆ. ಅವನು ಒಪ್ಪಲಿಲ್ಲ. ಭಯಕ್ಕಲ್ಲ. ಬಿಟ್ಟುಕೊಟ್ಟ ಮೀನುಗಳನ್ನು ಅಷ್ಟು ಜನರ ಎದುರು, ಮೈಕಿನಲ್ಲಿ, ಒಂದೊಂದಾಗಿ ವಾಪಸು ಕೇಳುವುದು ಹೇಗೆ? ಅವನಿಗೆ ಅದು ಹಾಗೆಯೇ ಕಾಣುತ್ತಿತ್ತು. ಹೇಳಿದರೆ ತನ್ನ ಅವ್ವನ ಮಾತು ಮುರಿದಂತೆ, ಹೇಳದಿದ್ದರೆ ಹೊಳೆ ಹೋದಂತೆ. ಆ ವಾರವೆಲ್ಲ ಅವನು ಗ್ಯಾರೇಜಿನಲ್ಲಿ ಮಗುಚಿ ಮಲಗಿಸಿದ್ದ ಕನೂವಿನ ಸುತ್ತ ಸುಳಿದಾಡಿದ. ಸಭೆಯ ದಿನ ನಾನು ಹೊರಡುವ ಹೊತ್ತಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ.

ಅವನ ಸರದಿ ಬಂದಾಗ ಕೋಲೂರಿಕೊಂಡು ಮೈಕಿನ ಬಳಿಗೆ ಹೋದ. ಎರಡು ನಿಮಿಷದಲ್ಲಿ ಒಂದಿಷ್ಟು ಅಲ್ಲಿಗೆ ನಡೆಯುವುದರಲ್ಲೇ ಕಳೆಯಿತು. ಇಂಗ್ಲಿಷಿನಲ್ಲಿ, ಮೀಟಿಂಗುಗಳಲ್ಲಿ ಮಾತಾಡುವ ಅದೇ ಎಚ್ಚರದಿಂದ, ನಿಮ್ಮ ಹುಡುಗನಿಗೆ ನಾನು ಹೇಳಿದ ಉತ್ತರ ಸರಿಯಾದದ್ದಲ್ಲ ಎಂದ. ನಮ್ಮದು ಮೀನು ಹಿಡಿಯುವ ಮನೆತನ ಎಂದ. ನಾಲ್ಕು ಜನರ ಮುಂದೆ ಅವನ ಬಾಯಿಂದ ಈ ಮಾತನ್ನು ಆ ಯುಗಾದಿಯ ನಂತರ ನಾನು ಕೇಳಿದ್ದು ಅದೇ ಮೊದಲು. ಮೊದಲು ಸಿಕ್ಕಿದ್ದನ್ನು ಹೊಳೆಗೇ ಕೊಡುತ್ತೇವೆ, ಕೊಟ್ಟದ್ದನ್ನು ಹೇಳುವುದಿಲ್ಲ, ಅದಕ್ಕೇ ಏನೂ ಇಲ್ಲ ಎಂದಿದ್ದೆ ಎಂದು ವಿವರಿಸಿದ. ಆದರೆ ಸಿಗುತ್ತಿತ್ತು, ನಾವು ಹೋಗುತ್ತಿದ್ದ ಶನಿವಾರಗಳಲ್ಲಿ ಬಹುಪಾಲು ಸಿಗುತ್ತಿತ್ತು ಎಂದ. ಜೊಂಡಿನ ಹಳ್ಳದ ಗೆಂಡೆ ಎಷ್ಟು ದೊಡ್ಡದಿರುತ್ತದೆಂದು ತೋರಿಸಲು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಅಗಲಿಸಿದ. ಅಷ್ಟರಲ್ಲಿ ಸಮಯ ಮುಗಿದ ಗಂಟೆ ಹೊಡೆಯಿತು. ಅಧ್ಯಕ್ಷರು ವಂದನೆ ಹೇಳಿ ಮುಂದಿನ ಹೆಸರು ಕರೆದರು.

ಪಾರ್ಕಿಂಗಿನಲ್ಲಿ ಅವನು ಕಾರಿಗೆ ಆತು ನಿಂತು ಉಸಿರು ತೆಗೆದುಕೊಂಡ. "ಹೇಳಿಬಿಟ್ಟೆ ನೋಡವಾ. ನಮ್ಮವ್ವ ಇದ್ದಿದ್ರ ನಾಕ ದಿನ ಮಾತ ಬಿಡ್ತಿದ್ಲು." ಕೋಲನ್ನು ಕಾರಿನೊಳಗೆ ಇಡುತ್ತ ಕೇಳಿದ: "ತಗೀತಾರ ಏನು?"

ಸಭೆ ಮುಗಿದು ಎರಡು ಮಳೆಗಾಲ ಕಳೆದಿವೆ. ನೀವು ತೆರೆದಿಲ್ಲ. ಉತ್ತರಿಸಿಯೂ ಇಲ್ಲ. ಅಪ್ಪ ಮತ್ತೆ ಕೇಳುವುದಿಲ್ಲ. ಶನಿವಾರ ಬೆಳಿಗ್ಗೆ ತಡವಾಗಿ ಏಳುವುದನ್ನು ಕಲಿಯುತ್ತಿದ್ದಾನೆ.

ಮಂಡಳಿಯವರೇ, ನಿಮ್ಮ ಸಿಬ್ಬಂದಿ ಕೇಳಿದ್ದು ಏನಾದರೂ ಸಿಕ್ಕಿತೇ ಎಂದು. ನೀವು ತಳೆದ ತೀರ್ಮಾನ ಇಲ್ಲಿ ಯಾರೂ ಮೀನು ಹಿಡಿಯಲು ಬರುವುದಿಲ್ಲ ಎಂದು. ಆ ತರುಣ ಕೈ ಕೊಟ್ಟು ಎತ್ತಿದ ದೋಣಿ ಒದ್ದೆಯಾಗಿತ್ತು. ಗಾಳಗಳು ನೀರಿನಲ್ಲಿದ್ದವು. ಪ್ರಶ್ನೆ ಕೇಳಿಸಿಕೊಳ್ಳಲು ದಡದಲ್ಲಿ ಜನರಿದ್ದರು ಎಂಬುದೇ ನಿಮ್ಮ ತೀರ್ಮಾನವನ್ನು ಸುಳ್ಳು ಮಾಡುತ್ತದೆ. ಕಣ್ಣೆದುರಿಗಿದ್ದದ್ದನ್ನು ಬಿಟ್ಟು ಅನುಕೂಲವಾದ ಒಂದು ಪದವನ್ನು ಎತ್ತಿಕೊಂಡದ್ದು ಅಜ್ಞಾನವಲ್ಲ, ಆಯ್ಕೆ. ಅದರ ಲಾಭ ಯಾರಿಗಾಯಿತೆಂದು ಬೇಲಿಯ ಈಚೆಗಿನ ಮನೆಗಳನ್ನು ನೋಡಿದ ಯಾರಿಗಾದರೂ ತಿಳಿಯುತ್ತದೆ. ಆ ಮನೆಗಳಲ್ಲಿ ವಾಸಿಸುವ ನನ್ನ ಭಾಷೆಯವರಲ್ಲೂ ಕೇಳುತ್ತೇನೆ: ನಿಮ್ಮ ಸುರಕ್ಷತೆಯ ಹೆಸರಿನಲ್ಲಿ ಈ ಬೀಗ ಬಿದ್ದಿದೆ. ಅದು ನಿಮಗೆ ಬೇಡವೆಂದಾದರೆ ಮುಂದಿನ ಸಭೆಯಲ್ಲಿ ಬಂದು ಹಾಗೆಂದು ಹೇಳಿ.

ಆದ್ದರಿಂದ ನೀರು ಮಂಡಳಿಯ ಅಧ್ಯಕ್ಷರು ಮತ್ತು ಸದಸ್ಯರಲ್ಲಿ, ಈ ಬರಹದ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿ, ನಾನು ವಿಧಿವತ್ತಾಗಿ ಕೋರುವುದೇನೆಂದರೆ: ಮೀನುಗಾರಿಕೆಯ ಬಳಕೆ ಇಲ್ಲವೆಂಬ ತೀರ್ಮಾನಕ್ಕೆ ಯಾವ ಆಧಾರದ ಮೇಲೆ ಬಂದಿರಿ, ಸಭೆಯಲ್ಲಿ ಅದಕ್ಕೆ ವಿರುದ್ಧವಾಗಿ ನೀಡಿದ ಹೇಳಿಕೆಯನ್ನು ಏಕೆ ಪರಿಗಣಿಸಲಿಲ್ಲ, ತಾತ್ಕಾಲಿಕ ಎಂಬ ಅವಧಿ ಯಾವಾಗ ಮುಗಿಯುತ್ತದೆ ಎಂಬುದಕ್ಕೆ ಹೆಸರು ಮತ್ತು ಸಹಿಯಿರುವ ಲಿಖಿತ ಉತ್ತರ ಕೊಡಿ. ಆ ತೀರ್ಮಾನವನ್ನು ಹಿಂದಕ್ಕೆ ಪಡೆದು, ದಡಕ್ಕೆ ಬರುವ ಜನರನ್ನು ಅವರವರ ಭಾಷೆಯಲ್ಲಿ, ನೀವು ಇಲ್ಲಿಗೆ ಬರುತ್ತೀರಾ ಎಂದು ಹೊಸದಾಗಿ ಕೇಳಿ. ಆ ವಿಚಾರಣೆ ಮುಗಿಯುವವರೆಗೆ ರ್ಯಾಂಪಿನ ಗೇಟನ್ನು ಹಗಲಿನ ಹೊತ್ತು ತೆರೆದಿಡಿ. ನಡೆಯಲು ಕಷ್ಟವಿರುವವರು ವಾಹನವನ್ನು ನೀರಿನ ಅಂಚಿನವರೆಗೆ ತರಲು ಅನುಮತಿ ನೀಡಿ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ನಿಮ್ಮ ನಿರ್ಣಯವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ. ನಾನು ಅಪ್ಪನೊಂದಿಗೆ ಆ ಸಭೆಗೆ ಬರುತ್ತೇನೆ. ಉತ್ತರವನ್ನು ನನ್ನ ತಂದೆಗೆ ನೇರವಾಗಿ ಹೇಳಿ.